ಅಮ್ಮ ಹೊಲಿದ ವೇಷ ತೊಟ್ಟು ಸ್ಪರ್ಧೆಗೆ ಇಳಿಯಬಹುದಾ?

ಪ್ರಶ್ನೆ: ನಾನು ದಾವಣಗೆರೆಯವಳು, ಬಿ.ಕಾಂ. ಎರಡನೇ ವರ್ಷ. ಮುಂದಿನ ಬೆಂಗಳೂರು ಕಾಮಿಕ್ ಕಾನ್‌ನಲ್ಲಿ (ಕಾಮಿಕ್ಸ್, ಗೇಮ್, ಸಿನಿಮಾ ಅಭಿಮಾನಿಗಳ ಮೇಳ) ಕಾಸ್‌ಪ್ಲೇ ಸ್ಪರ್ಧೆಗೆ, ಅಂದರೆ ಇಷ್ಟದ ಪಾತ್ರದ ವೇಷ ತೊಡುವ ಸ್ಪರ್ಧೆಗೆ ಇಳಿಯಬೇಕು ಅಂತ ಆಸೆ. ಒಂದು ವಿಡಿಯೋ ಗೇಮಿನ ರಾಣಿಯ ವೇಷ ಯೋಚಿಸಿದ್ದೇನೆ. ಎದೆಗವಚ, ಭುಜದ ಕವಚ, ನೆಲಕ್ಕೆ ತಾಗುವ ಕೋಟು, ಕಿರೀಟ, ಕತ್ತಿ, ಬೆನ್ನಿಗೆ ಆರಡಿ ಅಗಲದ ರೆಕ್ಕೆ. ಮೂರು ತಿಂಗಳು ಟೈಮ್ ಇದೆ. ನಮ್ಮಮ್ಮ ಇಪ್ಪತ್ತು ವರ್ಷದಿಂದ ಟೈಲರ್. ಅವರು ಹೊಲಿದುಕೊಟ್ಟರೆ ಸ್ಪರ್ಧೆಗೆ ನಡೆಯುತ್ತಾ, ಇಲ್ಲ ಅದು ಮೋಸ ಆಗುತ್ತಾ? ಅಲ್ಲಿಗೆ ಬರುವವರೆಲ್ಲ ವರ್ಷಗಟ್ಟಲೆ ಮಾಡಿದವರು, ನನ್ನದು ಮೊದಲ ಸಲ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ. ನಗೆಪಾಟಲಾಗುತ್ತೇನಾ?

ಉತ್ತರ: ಅಮ್ಮನ ವಿಷಯದಿಂದಲೇ ಶುರು ಮಾಡೋಣ. ನಿಮ್ಮ ಪತ್ರದಲ್ಲಿ ನಿಜವಾದ ಪ್ರಶ್ನೆ ಅದೊಂದೇ. ಉಳಿದದ್ದೆಲ್ಲ ಭಯ.

ವೇಷ ತೊಟ್ಟು ಕಾಮಿಕ್ ಕಾನ್‌ಗೆ ಹೋಗುವುದು ಬೇರೆ, ಸ್ಪರ್ಧೆಗೆ ಹೆಸರು ಕೊಡುವುದು ಬೇರೆ. ಸುಮ್ನೆ ಓಡಾಡಿ ಫೋಟೋ ತೆಗೆಸಿಕೊಂಡು ಬರುವುದಾದರೆ ಅಮ್ಮ ಹೊಲಿದರೂ ಸರಿ, ಬಾಡಿಗೆಗೆ ತಂದರೂ ಸರಿ, ಆನ್‌ಲೈನ್‌ನಲ್ಲಿ ತರಿಸಿದರೂ ಸರಿ. ಯಾರೂ ಕೇಳುವುದಿಲ್ಲ. ಸ್ಪರ್ಧೆಯಲ್ಲಿ ಮಾತ್ರ ತೀರ್ಪುಗಾರರ ಮೊದಲ ಮಾತೇ ‘ಇದನ್ನ ಮಾಡಿದ್ದು ಯಾರು?’ ಅಂತ. ವೇಷದ ಹೆಚ್ಚಿನ ಪಾಲನ್ನು ಸ್ಪರ್ಧಿಯೇ ಮಾಡಿರಬೇಕು ಅಂತ ಬಹಳಷ್ಟು ಕಡೆ ನಿಯಮವೇ ಇರುತ್ತದೆ. ಕೋಟನ್ನು ಪೂರ್ತಿ ಅಮ್ಮ ಹೊಲಿದು, ನೀವು ‘ನಾನೇ ಮಾಡಿದೆ’ ಅಂದರೆ ಅದು ಮೋಸವೇ. ಅಮ್ಮ ಪಕ್ಕದಲ್ಲಿ ಕೂತು ಹೇಳಿಕೊಟ್ಟು, ಮಿಷನ್ ತುಳಿದದ್ದು ನೀವಾದರೆ ಅದು ನಿಮ್ಮ ವೇಷ.

ಈ ತಕರಾರು ಹೊಸದೇನಲ್ಲ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಫಾರೆಸ್ಟ್ ಆಕರ್‌ಮನ್ ಅನ್ನುವ 22 ವರ್ಷದ ಹುಡುಗ ಹಸಿರು ಮೇಲಂಗಿ ಹೊದ್ದು, ಮುಂದಿನ ಶತಮಾನದಿಂದ ಇಳಿದು ಬಂದವನ ಹಾಗೆ ಅಲ್ಲಿಗೆ ಹೋದ. ಅಭಿಮಾನಿಗಳು ವೇಷ ಹಾಕುವ ಚಾಳಿ ಶುರುವಾದದ್ದು ಅಲ್ಲಿಂದ ಅಂತ ಎಷ್ಟೋ ಕಾಲ ಅವನ ಹೆಸರನ್ನೇ ಹೇಳುತ್ತಿದ್ದರು. ಆದರೆ ಆ ಬಟ್ಟೆ ಹೊಲಿದದ್ದು ಅವನಲ್ಲ, ಅವನ ಗೆಳತಿ ಮರ್ಟಲ್ ಡಗ್ಲಸ್. ಅವನದ್ದನ್ನೂ ಹೊಲಿದು, ತನ್ನದನ್ನೂ ಹೊಲಿದುಕೊಂಡು, ತಾನೂ ವೇಷ ಹಾಕಿ ಅವನ ಪಕ್ಕದಲ್ಲೇ ಇದ್ದವಳು. ಮರುವರ್ಷ ಶಿಕಾಗೋದಲ್ಲಿ ವೇಷಗಳ ಸ್ಪರ್ಧೆಯೇ ನಡೆಯಿತು. ಕಾಮಿಕ್ಸ್‌ನ ಖಳನಾಯಕ ಮಿಂಗ್‌ನ ವೇಷ ಹಾಕಿದ್ದ ಡೇವಿಡ್ ಕೈಲ್‌ಗೆ ಮೊದಲ ಬಹುಮಾನ. ಆ ವೇಷ ತಯಾರಿಸಿದ್ದು ಲೆಸ್ಲಿ ಪೆರ್ರಿ ಅನ್ನುವ ಹೆಣ್ಣುಮಗಳು. ನೋಡಿ, ಮೊದಲ ಎರಡು ವರ್ಷವೂ ಕಥೆ ಒಂದೇ. ಹೊಲಿದವರು ಒಬ್ಬರು, ಹೆಸರು ಇನ್ನೊಬ್ಬರದು.

ಹಾಗಾಗಿ ನನ್ನ ಸಲಹೆ ಇಷ್ಟು. ಅರ್ಜಿಯಲ್ಲಿ ‘ನೆರವು ನೀಡಿದವರು’ ಅನ್ನುವ ಜಾಗ ಇದ್ದರೆ ಅಮ್ಮನ ಹೆಸರು ಬರೆಯಿರಿ. ಜಾಗ ಇಲ್ಲದಿದ್ದರೆ ತೀರ್ಪುಗಾರರ ಮುಂದೆ ನೀವಾಗಿಯೇ ಹೇಳಿ: ‘ಪ್ಯಾಟರ್ನ್ ಕತ್ತರಿಸೋದು ಅಮ್ಮ ಹೇಳಿಕೊಟ್ಟರು. ತೋಳು ಕೂರಿಸುವಾಗ ಅವರು ಹಿಡಿದುಕೊಂಡಿದ್ದರು. ಹೊಲಿಗೆ ನನ್ನದು.’ ಹೀಗೆ ಹೇಳಿದ್ದಕ್ಕೆ ಅಂಕ ಕಳೆದವರನ್ನು ನಾನು ನೋಡಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ತೀರ್ಪುಗಾರಳಾಗಿದ್ದಾಗ ಒಬ್ಬ ಹುಡುಗನ ಜಾಕೆಟ್ ಕೈಯಲ್ಲಿ ಹಿಡಿದು, ಅಂಚಿಗೆ ಕೊಟ್ಟ ದುಂಡು ಪಟ್ಟಿ ತೋರಿಸಿ ‘ಈ ಪೈಪಿಂಗ್ ಹೇಗೆ ಕೊಟ್ಟೆ?’ ಅಂತ ಕೇಳಿದೆ. ಪೈಪಿಂಗ್ ಅಂದರೆ ಯಾವುದು ಅಂತಲೇ ಅವನಿಗೆ ಗೊತ್ತಿರಲಿಲ್ಲ. ಪಾಪ, ಕಿವಿಯೆಲ್ಲ ಕೆಂಪಾಗಿಬಿಟ್ಟಿತು.

ಇಪ್ಪತ್ತು ವರ್ಷದ ಟೈಲರ್ ಮನೆಯಲ್ಲೇ ಇರುವುದು ಎಂಥ ಅನುಕೂಲ ಅನ್ನುವುದು ನಿಮಗೆ ಇನ್ನೂ ಗೊತ್ತಾಗಿಲ್ಲ ಅನಿಸುತ್ತದೆ. ಬೆಂಗಳೂರಿನ ಹುಡುಗರು ಯೂಟ್ಯೂಬ್ ನೋಡಿ ತಿಂಗಳುಗಟ್ಟಲೆ ಒದ್ದಾಡುವ ಕೆಲಸವನ್ನು ಅವರು ಒಂದು ಮಧ್ಯಾಹ್ನದಲ್ಲಿ ಹೇಳಿಕೊಡುತ್ತಾರೆ.

ಇನ್ನು ಅನುಭವಿಗಳ ಭಯ. ಅಮೆರಿಕದ ಹಳೆಯ ಸಮ್ಮೇಳನಗಳಲ್ಲಿ ಹೊಸಬರು, ಪಳಗಿದವರು, ಉಸ್ತಾದರು ಅಂತ ಬೇರೆ ಬೇರೆ ದರ್ಜೆ ಇಡುತ್ತಾರೆ. ಹೊಸಬರು ಬೇಕಿದ್ದರೆ ಮೇಲಿನ ದರ್ಜೆಯಲ್ಲಿ ಸ್ಪರ್ಧಿಸಬಹುದು. ಮೇಲೆ ಗೆದ್ದವರು ಕೆಳಗೆ ಇಳಿಯುವ ಹಾಗಿಲ್ಲ. ನಮ್ಮಲ್ಲಿ ಕಾಮಿಕ್ ಕಾನ್ ಬಂದದ್ದೇ ಈಚೆಗೆ, ದೆಹಲಿಗೆ 2011ರಲ್ಲಿ, ಬೆಂಗಳೂರಿಗೆ 2012ರಲ್ಲಿ. ಇಲ್ಲಿ ವಿಭಾಗ ಮಾಡುವುದು ಹೆಚ್ಚಾಗಿ ಪಾತ್ರ ಎಲ್ಲಿಂದ ಬಂತು ಅನ್ನುವುದರ ಮೇಲೆ: ಕಾಮಿಕ್ಸ್, ಅನಿಮೆ (ಜಪಾನಿನ ಕಾರ್ಟೂನು), ಗೇಮ್, ಸಿನಿಮಾ ಹೀಗೆ. ಅಂದರೆ ನಿಮ್ಮ ಪಕ್ಕದಲ್ಲಿ ಹತ್ತು ವರ್ಷ ಪಳಗಿದವರೂ ನಿಲ್ಲಬಹುದು. ನಿಲ್ಲಲಿ ಬಿಡಿ. ಅವರ ಹತ್ತಿರ ಅರ್ಧ ಗಂಟೆ ಮಾತಾಡಿ. ವೇಷದವರು ತಮ್ಮ ಅಂಟಿನ ಗುಟ್ಟನ್ನು ಯಾರು ಕೇಳಿದರೂ ಹೇಳುತ್ತಾರೆ. ನಿಯಮಗಳು ವರ್ಷವರ್ಷಕ್ಕೆ ಬದಲಾಗುತ್ತವೆ. ಬಟ್ಟೆ ತರುವ ಮೊದಲು ಆ ವರ್ಷದ ನಿಯಮ ಒಂದು ಸಲ ಪೂರ್ತಿ ಓದಿ. ರೆಕ್ಕೆಯ ಅಗಲಕ್ಕೆ, ಕತ್ತಿಯ ಉದ್ದಕ್ಕೆ ಮಿತಿ ಇದ್ದರೆ ಗೊತ್ತಾಗುವುದು ಅಲ್ಲೇ.

ಈಗ ನಿಮಗೆ ಇಷ್ಟವಾಗದ ಮಾತು. ಮೂರು ತಿಂಗಳಲ್ಲಿ, ಕಾಲೇಜಿನ ಜೊತೆಗೆ, ಮೊದಲ ಸಲ ಮಾಡುವವರಿಗೆ ಆ ಪಟ್ಟಿ ಜಾಸ್ತಿಯಾಯಿತು. ಏನೋ ಒಂದು ಬಿಡಬೇಕು. ನನ್ನ ಕೈಯಲ್ಲಿದ್ದರೆ ನಾನು ಬಿಡುತ್ತಿದ್ದದ್ದು ರೆಕ್ಕೆ. ಯಾಕೆ ಅಂತ ಹೇಳುವ ಮೊದಲು ಒಂದು ಕೋಟಿನ ವಿಷಯ ಹೇಳುತ್ತೇನೆ.

ಹಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಸಣ್ಣ ಸ್ಪರ್ಧೆಯಲ್ಲಿ ತೀರ್ಪುಗಾರಳಾಗಿ ಕೂತಿದ್ದೆ. ನಾಟಕಗಳಿಗೆ ಬಟ್ಟೆ ಹೊಲಿಸುವುದು ನನ್ನ ಕಸುಬು, ಅದಕ್ಕೇ ಕರೆದಿದ್ದರು. ಒಬ್ಬ ಹುಡುಗ ಎಂಟಡಿ ಎತ್ತರದ ರೋಬೋ ಆಗಿ ಬಂದಿದ್ದ. ಎದೆಯಲ್ಲಿ ಲೈಟು, ಕೈಯಲ್ಲಿ ಲೈಟು. ದೂರದಿಂದ ಜನ ಶಿಳ್ಳೆ ಹೊಡೆದರು. ಹತ್ತಿರ ಹೋದರೆ ಬೆನ್ನಿಗೆ ಬಣ್ಣವೇ ಇರಲಿಲ್ಲ, ಪೆನ್ಸಿಲ್ ಗೆರೆ ಹಾಗೇ ಇತ್ತು. ವೇದಿಕೆಯ ನಾಲ್ಕು ಮೆಟ್ಟಿಲು ಹತ್ತಲಾರದೆ ಅವನು ಕೆಳಗೇ ನಿಂತ. ಅವನ ಹಿಂದೆ ಒಬ್ಬಳು ಹುಡುಗಿ, ಬರೀ ಕಡುನೀಲಿ ಕೋಟು, ಬೂಟು, ಟೋಪಿ. ಯಾರೂ ಶಿಳ್ಳೆ ಹೊಡೆಯಲಿಲ್ಲ. ನಾನು ಕೋಟಿನ ಕಾಲರ್ ಮಡಿಸಿ ನೋಡಿದೆ. ಎರಡೂ ಮೂಲೆ ಒಂದೇ ಅಳತೆ, ಚೂಪು. ಒಳಗೆ ಗಟ್ಟಿ ನಿಲ್ಲಲಿ ಅಂತ ಹಾಕುವ ಬಕ್ರಂ ಎಲ್ಲೂ ಸುಕ್ಕಾಗಿಲ್ಲ. ಲೈನಿಂಗ್ ತಿರುಗಿಸಿದರೆ ಒಂದು ದಾರ ಇಣುಕುತ್ತಿಲ್ಲ. ‘ಈ ಕಾಲರ್‌ನ ನಾಲ್ಕು ಸಲ ಹೊಲಿದೆ ಮೇಡಂ’ ಅಂದಳು. ‘ಮೂರನೇ ಸಲ ಅತ್ತೇಬಿಟ್ಟೆ.’ ಬಿಚ್ಚಿದ ಮೂರು ಕಾಲರ್‌ಗಳನ್ನೂ ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದಕ್ಕಿಂತ ಒಂದು ಚೆನ್ನಾಗಿತ್ತು. ಅವತ್ತು ನಾವು ಮೂವರು ತೀರ್ಪುಗಾರರು ಬಹುಮಾನ ಯಾರಿಗೆ ಅಂತ ಚರ್ಚೆ ಮಾಡಲೇ ಇಲ್ಲ.

ನಿಮ್ಮ ವೇಷವನ್ನು ಎರಡು ದೂರದಿಂದ ನೋಡುತ್ತಾರೆ. ವೇದಿಕೆಯ ಕೆಳಗಿನಿಂದ ಮೂವತ್ತು ಅಡಿ, ತೀರ್ಪುಗಾರರ ಕೊಠಡಿಯಲ್ಲಿ ಒಂದೇ ಅಡಿ. ರೆಕ್ಕೆ ಮೂವತ್ತು ಅಡಿಗೆ ಚೆಂದ. ಆದರೆ ಅದಕ್ಕೆ ಹೋಗುವ ಐದು ವಾರವನ್ನು ಕೋಟಿಗೆ, ಕವಚಕ್ಕೆ ಕೊಟ್ಟರೆ ಒಂದು ಅಡಿಯಲ್ಲೂ ನಿಲ್ಲುವ ವೇಷ ಸಿಗುತ್ತದೆ. ರೆಕ್ಕೆ ಇಲ್ಲದೆ ಆ ರಾಣಿ ರಾಣಿಯೇ ಅಲ್ಲ ಅನ್ನುತ್ತೀರಾ? ಹಾಗಿದ್ದರೆ ಕತ್ತಿ ಬಿಡಿ, ರೆಕ್ಕೆಯನ್ನು ನಾಲ್ಕಡಿಗೆ ಇಳಿಸಿ, ಮಡಚುವ ಹಾಗೆ ಮಾಡಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕೋಟಿನ ಬಟ್ಟೆಯಲ್ಲಿ ಎಲ್ಲರೂ ಮಾಡುವ ತಪ್ಪು ಸ್ಯಾಟಿನ್. ಅಂಗಡಿಯಲ್ಲಿ ಮಿಂಚುತ್ತದೆ, ಅಗ್ಗ. ಫೋಟೋದ ಫ್ಲ್ಯಾಷ್ ಬಿದ್ದರೆ ಸ್ಕೂಲ್ ಡೇ ಡ್ಯಾನ್ಸಿನ ಬಟ್ಟೆ ಥರ ಕಾಣುತ್ತದೆ. ಹೊಲಿಗೆ ಒಂಚೂರು ಎಳೆದರೂ ಸುಕ್ಕು ಎದ್ದು ತೋರುತ್ತದೆ. ನೀವು ಇರುವುದು ದಾವಣಗೆರೆಯಲ್ಲಿ, ಬಟ್ಟೆಗೆ ಹೆಸರಾದ ಊರು. ಅಮ್ಮನ ಜೊತೆ ಹೋಗಿ ಸೂಟಿಂಗ್ ಬಟ್ಟೆ, ದಪ್ಪ ಕಾಟನ್, ವೆಲ್ವೆಟ್ ಮೂರನ್ನೂ ಕೈಯಲ್ಲಿ ಹಿಡಿದು ಇಳಿಬಿಟ್ಟು ನೋಡಿ. ನೆಲಕ್ಕೆ ತಾಗುವ ಕೋಟಿಗೆ ಬಟ್ಟೆಯ ತೂಕವೇ ಜೀವ. ಕಾಟನ್ ಆದರೆ ಕತ್ತರಿಸುವ ಮೊದಲು ಒಂದು ಸಲ ನೀರಲ್ಲಿ ನೆನೆಸಿ ಒಣಗಿಸಿ, ಆಮೇಲೆ ಕುಗ್ಗಿದರೆ ಕಷ್ಟ. ಮೊದಲ ಕೋಟನ್ನು ಹಳೆಯ ಬೆಡ್‌ಶೀಟಿನಲ್ಲಿ ಹೊಲಿದು ಹಾಕಿಕೊಂಡು ನೋಡಿ. ಕವಚ ಕೋಟಿನ ಮೇಲೆ ಬರುತ್ತದೋ ಒಳಗೆ ಬರುತ್ತದೋ ಅದನ್ನೂ ಆಗಲೇ ನಿರ್ಧರಿಸಿ. ಮೇಲೆ ಬರುವುದಾದರೆ ತೋಳಿನ ಸುತ್ತಳತೆ ಹೆಚ್ಚು ಬೇಡ. ಒಳಗೆ ಬರುವುದಾದರೆ ಎದೆಗೆ ಮೂರು ಇಂಚಾದರೂ ಸಡಿಲ ಬೇಕು.

ಕೋಟು ನೆಲಕ್ಕೆ ತಾಗಬೇಕು ಅಂತ ಬರೆದಿದ್ದೀರಿ. ಚಿತ್ರದಲ್ಲಿ ತಾಗಲಿ. ನಿಮ್ಮದು ನೆಲದಿಂದ ಎರಡು ಇಂಚು ಮೇಲೆ ಇರಲಿ. ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಸಾವಿರಾರು ಜನರ ಚಪ್ಪಲಿ ಅದರ ಮೇಲೆ ಓಡಾಡಿ, ಮಧ್ಯಾಹ್ನದ ಹೊತ್ತಿಗೆ ಅಂಚು ಒರೆಸೋ ಬಟ್ಟೆ ಆಗಿರುತ್ತದೆ.

ಕವಚಕ್ಕೆ ಬರೋಣ. ನಿಮ್ಮ ಪಾತ್ರ ಗೇಮಿನದು ಅನ್ನುವುದು ಒಳ್ಳೆಯದೇ ಆಯಿತು. ಆಟದೊಳಗೆ ಕ್ಯಾಮೆರಾ ತಿರುಗಿಸಿ ಮುಂದೆ, ಪಕ್ಕ, ಹಿಂದೆ ಮೂರೂ ಕಡೆಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕಾಮಿಕ್ಸ್ ಪಾತ್ರ ಮಾಡುವವರಿಗೆ ಬೆನ್ನು ಹೇಗಿದೆ ಅಂತ ಗೊತ್ತಾಗುವುದೇ ಕಷ್ಟ.

ಸಾಮಾನು ಈವಿಎ ಫೋಮ್. ಮಕ್ಕಳ ಆಟದ ಕೋಣೆಯಲ್ಲಿ, ಜಿಮ್‌ನಲ್ಲಿ ಒಂದಕ್ಕೊಂದು ಸಿಕ್ಕಿಸಿ ಹಾಸುತ್ತಾರಲ್ಲ, ಆ ಚಾಪೆಗಳೂ ಅದೇ ಜಾತಿ. ಎದೆಗವಚಕ್ಕೆ 5 ಅಥವಾ 6 ಮಿಲಿಮೀಟರ್, ಭುಜಕ್ಕೆ 10, ಮೇಲಿನ ಬಳ್ಳಿ-ಹೂವಿನ ಕೆಲಸಕ್ಕೆ 2 ಮಿಲಿಮೀಟರ್ ಹಾಳೆ ಸಾಕು. ಥರ್ಮೋಕೋಲ್ ಬೇಡವೇ ಬೇಡ. ರಬ್ಬರ್ ಅಂಟು ತಾಗಿದರೂ ಸ್ಪ್ರೇ ಪೇಂಟ್ ತಾಗಿದರೂ ಅದು ಕರಗಿಹೋಗುತ್ತದೆ. ನನ್ನ ಮೊದಲ ಕಿರೀಟ ಹಾಗೇ ಹೋಯಿತು. ಪ್ರದರ್ಶನದ ಹಿಂದಿನ ರಾತ್ರಿ ಚಿನ್ನದ ಬಣ್ಣ ಹೊಡೆದೆ. ಕಣ್ಣೆದುರೇ ಇಡ್ಲಿ ಕುಸಿದ ಹಾಗೆ ಕುಸಿಯಿತು.

ಅಳತೆ ತೆಗೆಯುವುದು ಹೀಗೆ. ಹಳೆಯ ಬನಿಯನ್ ಹಾಕಿಕೊಳ್ಳಿ. ಅದರ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿಸಿಕೊಳ್ಳಿ, ಬಿಗಿ ಬೇಡ, ಉಸಿರಾಡಬೇಕು. ಅದರ ಮೇಲೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಪೂರ್ತಿ ಅಂಟಿಸಿ. ಈಗ ಸ್ಕೆಚ್ ಪೆನ್ನಿನಲ್ಲಿ ಕವಚದ ಗೆರೆಗಳನ್ನು ಮೈಮೇಲೆಯೇ ಬರೆಯಿಸಿ. ಎರಡು ತುಂಡು ಸೇರುವ ಗೆರೆಗಳ ಮೇಲೆ ಅಡ್ಡಕ್ಕೆ ಸಣ್ಣ ಸಣ್ಣ ಗುರುತು ಹಾಕಿಸಿ, ಜೋಡಿಸುವಾಗ ಅವೇ ದಾರಿ ತೋರಿಸುವುದು. ಆಮೇಲೆ ಬೆನ್ನಿನ ಕಡೆ ಕತ್ತರಿಸಿ ತೆಗೆದು, ಗೆರೆಗೆ ಸರಿಯಾಗಿ ತುಂಡು ಮಾಡಿ, ನೆಲದ ಮೇಲೆ ಚಪ್ಪಟೆ ಮಾಡಿ. ಎದೆಯ ತುಂಡು ಚಪ್ಪಟೆಯಾಗದೆ ಉಬ್ಬಿಕೊಂಡಿದ್ದರೆ ಅಂಚಿನಿಂದ ಒಂದು ಸೀಳು ಕೊಡಿ. ಅದು ಬೇರೇನಲ್ಲ, ಮೈಗೆ ಕೂರಲಿ ಅಂತ ನಿಮ್ಮಮ್ಮ ರವಿಕೆಗೆ ಮಡಿಸಿ ಕೊಡುವ ಡಾರ್ಟ್. ಈ ಕೆಲಸದಲ್ಲಿ ಅವರೇ ನಿಮಗಿಂತ ಮುಂದೆ ಓಡುತ್ತಾರೆ, ನೋಡಿ ಬೇಕಾದರೆ. ತುಂಡುಗಳನ್ನು ಮೊದಲು ತೆಳು ರಟ್ಟಿನಲ್ಲಿ ಕತ್ತರಿಸಿ, ಟೇಪ್ ಹಾಕಿ ಜೋಡಿಸಿ, ಕನ್ನಡಿ ಮುಂದೆ ನಿಂತು ನೋಡಿ. ಫೋಮ್ ಕತ್ತರಿಸುವುದು ಅದಾದ ಮೇಲೆ.

ಕಟ್ಟರ್‌ನ ಬ್ಲೇಡು ಹೊಸದಿರಲಿ. ಮೊಂಡು ಬ್ಲೇಡು ಫೋಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಪುಡಿ ಪುಡಿಯಾದ ಅಂಚು ಕಂಡರೆ ಬ್ಲೇಡಿನ ತುದಿ ಮುರಿದು ಮುಂದಿನದನ್ನು ಹೊರಗೆ ತಳ್ಳಿ. ನಾನು ಒಂದು ಎದೆಗವಚಕ್ಕೆ ಹತ್ತು ಹದಿನೈದು ಸಲ ಮುರಿಯುತ್ತೇನೆ. ಜಿಪುಣತನ ಬೇಡ.

ಬಿಸಿಗಾಳಿ ಊದುವ ಹೀಟ್ ಗನ್ ಬೇಕೇ ಬೇಕು, ತಲೆಗೂದಲು ಒಣಗಿಸುವ ಡ್ರೈಯರ್ ಸಾಲುವುದಿಲ್ಲ. ಫೋಮಿನ ಮೇಲ್ಮೈ ಸ್ವಲ್ಪ ಮಿರುಗುವವರೆಗೆ ಬಿಸಿ ಮಾಡಿ, ಆಗ ಅದರ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬಿಸಿ ಇರುವಾಗಲೇ ಆಕಾರ ಕೊಡಬೇಕು. ಭುಜದ ಗುಂಡಗಿನ ಆಕಾರಕ್ಕೆ ಮನೆಯ ಬಿಂದಿಗೆಗಿಂತ ಒಳ್ಳೆಯ ಅಚ್ಚು ನನಗೆ ಸಿಕ್ಕಿಲ್ಲ. ಕೈಗೆ ದಪ್ಪ ಗ್ಲೌಸ್ ಹಾಕಿ, ಬಿಂದಿಗೆಯ ಹೊಟ್ಟೆಯ ಮೇಲೆ ಒತ್ತಿ ಹಿಡಿದು, ತಣ್ಣಗಾಗುವವರೆಗೆ ಬಿಡಬೇಡಿ.

ಅಂಟಿಗೆ ಚಪ್ಪಲಿ ರಿಪೇರಿಯವರು, ಪ್ಲೈವುಡ್ ಕೆಲಸದವರು ಬಳಸುವ ರಬ್ಬರ್ ಅಂಟು ತನ್ನಿ. ಎರಡೂ ಅಂಚಿಗೆ ತೆಳುವಾಗಿ ಹಚ್ಚಿ ಹತ್ತು ನಿಮಿಷ ಸುಮ್ನೆ ಕೂತಿರಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಒತ್ತಿದರೆ ಮುಗಿಯಿತು, ಸರಿಸಿ ಕೂರಿಸುವ ಮಾತಿಲ್ಲ. ಅದಕ್ಕೇ ಅಡ್ಡ ಗುರುತು ಹಾಕಿ ಅಂದದ್ದು. ಈ ಅಂಟಿನ ಹೊಗೆ ತಲೆ ಸುತ್ತಿಸುತ್ತದೆ, ಒಳ್ಳೆಯದಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಬೇಡ, ಟೆರೇಸಿಗೆ ಹೋಗಿ, ಒಲೆಯಿಂದ ದೂರ. ಉಜ್ಜುಕಾಗದ ಹಾಕುವಾಗ ಮಾಸ್ಕ್ ಹಾಕಿ.

ಅಂಟಿನ ಕಡ್ಡಿಯನ್ನು ಬಿಸಿಗೆ ಕರಗಿಸಿ ಬಿಡುವ ಗ್ಲೂ ಗನ್ ಬಗ್ಗೆ ಒಂದು ಎಚ್ಚರಿಕೆ. ಬೇಗ ಆಗುತ್ತದೆ ಅಂತ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಒಂದು ಏಪ್ರಿಲ್‌ನಲ್ಲಿ ಭುಜದ ಕವಚವನ್ನು ಗ್ಲೂ ಗನ್ನಿನಲ್ಲೇ ಅಂಟಿಸಿ, ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ಹಗಲು ಹೊತ್ತಿನಲ್ಲಿ ಬಂದೆ. ಇಳಿದು ಚೀಲ ಬಿಚ್ಚಿದರೆ ಕವಚ ಒಂದು ಕಡೆ, ಹೂವು ಒಂದು ಕಡೆ, ನಡುವೆ ಜೇಡರ ಬಲೆಯ ಹಾಗೆ ಅಂಟಿನ ಎಳೆ.

ಬಣ್ಣಕ್ಕೆ ಮುಂಚೆ ಫೋಮನ್ನು ಮುಚ್ಚಬೇಕು. ಬಿಳಿ ಫೆವಿಕಾಲ್‌ಗೆ ನೀರು ಬೆರೆಸಿ ಮೂರು ನಾಲ್ಕು ಸಲ ಬಳಿದರೆ ಸಾಕು. ಒಂದು ಒಣಗಿದ ಮೇಲೆ ಇನ್ನೊಂದು. ಆದರೆ ಮೈ ಜೊತೆ ಬಾಗುವ ಜಾಗದಲ್ಲಿ, ಸೊಂಟದ ಹತ್ತಿರ, ಅದು ಬಿರುಕು ಬಿಡಬಹುದು. ಉಳಿದ ತುಂಡಿನ ಮೇಲೆ ಬಳಿದು, ಬಗ್ಗಿಸಿ ನೋಡಿಯೇ ಮುಂದುವರಿಯಿರಿ. ಮೊದಲು ಪೂರ್ತಿ ಕಪ್ಪು, ಅದರ ಮೇಲೆ ಬೆಳ್ಳಿ. ಮೂಲೆಗಳಲ್ಲಿ ಕಪ್ಪು ಹಾಗೇ ಉಳಿಯಲಿ. ಬಳಸಿ ಬಳಸಿ ಸವೆದ ಲೋಹ ಹೇಗಿರುತ್ತದೆ ಅಂತ ಮನೆಯ ಹಳೆಯ ಹಿತ್ತಾಳೆ ಚೊಂಬನ್ನು ಎದುರಿಗಿಟ್ಟುಕೊಂಡು ನೋಡಿ. ಉಬ್ಬಿದ ಕಡೆ ಹೊಳಪು, ತಗ್ಗಿನಲ್ಲಿ ಕಪ್ಪು. ಅಷ್ಟೇ ವಿದ್ಯೆ.

ರೆಕ್ಕೆ ಮಾಡಿಯೇ ಮಾಡುತ್ತೀರಿ ಅಂತಾದರೆ, ಮಾಡುವ ಮೊದಲು ಒಂದು ಯಕ್ಷಗಾನ ಮೇಳದ ಚೌಕಿಗೆ, ಅಂದರೆ ವೇಷ ಹಾಕುವ ಕೋಣೆಗೆ ಹೋಗಿ ಬನ್ನಿ. ವೇಷ ಕಟ್ಟುವುದನ್ನು ಕೂತು ನೋಡಲು ಬಿಡುತ್ತಾರಾ ಅಂತ ವಿನಯವಾಗಿ ಕೇಳಿ. ವೇಷ ‘ಕಟ್ಟೋದು’ ಅಂತ ಸುಮ್ನೆ ಹೇಳುವುದಲ್ಲ. ಬಹುಪಾಲು ಹಗ್ಗ, ದಾರ, ಬಟ್ಟೆಯ ಗಂಟುಗಳಲ್ಲೇ ಅದು ನಿಲ್ಲುವುದು. ಅಷ್ಟು ಭಾರ ಹೊತ್ತು ರಾತ್ರಿಯೆಲ್ಲ ಕುಣಿದರೂ ಕಿರೀಟ ಜಾರುವುದಿಲ್ಲ. ಭಾರವನ್ನು ಒಂದೇ ಕಡೆ ಬಿಡದೆ ಮೈಗೆಲ್ಲ ಹಂಚುತ್ತಾರೆ, ಗುಟ್ಟು ಅದು. ನಿಮ್ಮ ರೆಕ್ಕೆಗೂ ಅದೇ ಲೆಕ್ಕ. ಹಳೆಯ ಸ್ಕೂಲ್ ಬ್ಯಾಗಿನ ಪಟ್ಟಿಗಳನ್ನು ಬಿಚ್ಚಿ ಹೆಗಲಿಗೆ ಹಾಕಿ, ಜೊತೆಗೆ ಸೊಂಟಕ್ಕೆ ಅಗಲವಾದ ಬೆಲ್ಟು, ಎದೆಗೆ ಅಡ್ಡ ಪಟ್ಟಿ. ಬೆನ್ನಿಗೆ ಒಂದು ಗಟ್ಟಿ ಹಲಗೆ, ಅದಕ್ಕೆ ರೆಕ್ಕೆಯ ಎಲುಬು. ಎಲುಬಿಗೆ ತೆಳು ಪಿವಿಸಿ ಪೈಪು ಸಾಕು. ಭಾರ ಸೊಂಟದ ಮೇಲೆ ಕೂರಬೇಕು, ಕುತ್ತಿಗೆ ಎಳೆಯಬಾರದು. ಕಿರೀಟವೂ ಹಾಗೆಯೇ. ಕ್ಲಿಪ್ಪು ನಂಬಬೇಡಿ. ಒಳಗೆ ಬಟ್ಟೆಯ ಸುತ್ತು, ಗಲ್ಲದ ಕೆಳಗೆ ಮೈಬಣ್ಣದ ಲಾಡಿ.

ರೆಕ್ಕೆ ಎರಡು ಬೇರೆ ತುಂಡಾಗಿ ಕಳಚಲೇಬೇಕು. ದಾವಣಗೆರೆಯಿಂದ ಬೆಂಗಳೂರಿಗೆ ಗಂಟೆಗಟ್ಟಲೆ ದಾರಿ, ರೈಲಿನ ಬಾಗಿಲು ಎಷ್ಟು ಅಗಲ ಅಂತ ನಿಮಗೇ ಗೊತ್ತು. ಈಚಿನ ವರ್ಷಗಳಲ್ಲಿ ಕಾಮಿಕ್ ಕಾನ್ ವೈಟ್‌ಫೀಲ್ಡ್‌ನ ಕೆಟಿಪಿಒ ಅನ್ನುವ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದಿದೆ. ಅಲ್ಲೇ ಇದ್ದರೆ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ಇದೆ. ಆದರೆ ಮೆಟ್ರೋ ಬಾಗಿಲಲ್ಲಿ ತಪಾಸಣೆ ಮಾಡುತ್ತಾರೆ, ಕತ್ತಿ ಫೋಮಿನದಾದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಕೇಳಿದರೆ ಬಿಚ್ಚಿ ಬಗ್ಗಿಸಿ ತೋರಿಸಿ. ಕಾಮಿಕ್ ಕಾನ್ ಬಾಗಿಲಲ್ಲೂ ನೋಡುತ್ತಾರೆ. ಲೋಹ, ಚೂಪು ತುದಿ ಯಾವುದೂ ಬೇಡ. ಕತ್ತಿಯೊಳಗೆ ಕೋಲು ಇಟ್ಟಿದ್ದರೆ ಮುಂಚೆಯೇ ಹೇಳಿ.

ಇನ್ನು ಇಂಗ್ಲಿಷ್. ಇದಕ್ಕೆ ಉತ್ತರ ಒಂದು ಫೈಲು. ಇವತ್ತಿನಿಂದಲೇ ಪ್ರತಿ ಹಂತದ ಫೋಟೋ ತೆಗೆಯಿರಿ. ಟೇಪ್ ಸುತ್ತಿದ ಮೈ, ರಟ್ಟಿನ ಕವಚ, ಬೆಡ್‌ಶೀಟಿನ ಕೋಟು, ಹಾಳಾದ ತುಂಡು, ಎಲ್ಲ. ಮೊದಲ ಪುಟದಲ್ಲಿ ಆಟದ ಚಿತ್ರ, ಮೂರೂ ಕಡೆಯಿಂದ. ಆಮೇಲೆ ಹತ್ತು ಹನ್ನೆರಡು ಫೋಟೋ, ಕೆಳಗೆ ಒಂದೊಂದು ಸಾಲು. ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿ. ತೀರ್ಪುಗಾರರ ಮುಂದೆ ನಿಮಗೆ ಸಿಗುವುದು ಎರಡು ಮೂರು ನಿಮಿಷ. ಫೋನಿನಲ್ಲಿ ಫೋಟೋ ಹುಡುಕುತ್ತಾ ನಿಂತರೆ ಅದರಲ್ಲೇ ಮುಗಿಯುತ್ತದೆ. ಫೈಲು ಮೇಜಿನ ಮೇಲಿಟ್ಟು ಕನ್ನಡದಲ್ಲೇ ಹೇಳಿ. ಬೆಂಗಳೂರಿನಲ್ಲಿ ನಡೆಯುವ ಸ್ಪರ್ಧೆ, ಕನ್ನಡ ಬಲ್ಲ ಒಬ್ಬರಾದರೂ ಹತ್ತಿರದಲ್ಲಿ ಇರುತ್ತಾರೆ. ಫೋಮ್, ಹೀಟ್ ಗನ್, ಪ್ಯಾಟರ್ನ್, ಲೈನಿಂಗ್ ಅನ್ನುವ ಪದಗಳಿಗೆ ಭಾಷೆ ಎಲ್ಲಿದೆ? ನಿಮಗೆ ಅತಿ ಹೆಮ್ಮೆ ಅನಿಸುವ ಒಂದೇ ಒಂದು ಜಾಗ ಆರಿಸಿಕೊಳ್ಳಿ. ಬಾಯಿ ಬಿಟ್ಟ ತಕ್ಷಣ ಅದನ್ನೇ ತೋರಿಸಿ. ಅವರಾಗಿ ಹುಡುಕಲಿ ಅಂತ ಕಾಯಬೇಡಿ. ಕೈಯಲ್ಲಿ ಮುಟ್ಟಿ ನೋಡಲು ಕೊಡಿ.

ವೇದಿಕೆಗೆ ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದು ನಿಮಿಷ. ಕುಣಿಯುವುದು, ಡೈಲಾಗು ಎಲ್ಲ ಮೊದಲ ಸಲಕ್ಕೆ ಬೇಡ. ನಿಧಾನಕ್ಕೆ ನಡೆಯಿರಿ. ಭಯದಲ್ಲಿ ಎಲ್ಲರೂ ಎರಡು ಪಟ್ಟು ಜೋರಾಗಿ ನಡೆಯುತ್ತಾರೆ. ಮೂರು ಕಡೆ ನಿಂತು, ಒಂದೊಂದು ಕಡೆ ಮನಸ್ಸಿನಲ್ಲೇ ನಾಲ್ಕು ಎಣಿಸಿ. ಒಂದು ಸಲ ಬೆನ್ನು ತೋರಿಸಿ, ಅಷ್ಟು ಕಷ್ಟಪಟ್ಟಿದ್ದೀರಿ.

ಮೈಗೆ, ಮುಖಕ್ಕೆ ಬಣ್ಣ ಹಚ್ಚುವ ಯೋಚನೆ ಇದ್ದರೆ ಒಂದು ಹಳೆಯ ಕಥೆ ಕೇಳಿ. 1972ರ ವಿಶ್ವ ಸಮ್ಮೇಳನ ಲಾಸ್ ಏಂಜಲೀಸ್‌ನಲ್ಲಿ. ಒಬ್ಬ ಕಲಾವಿದ ಮೈತುಂಬ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ಬಂದ. ದೀಪದ ಬಿಸಿಗೆ ಅದು ಕಮಟು ನಾರಿತು, ಮೆತ್ತಿಕೊಂಡು ಪಕ್ಕದವರ ಬಟ್ಟೆಗಳೂ ಹಾಳಾದವು. ‘ಕಡಲೆಕಾಯಿ ಬೆಣ್ಣೆ ಬೇಡ’ ಅನ್ನುವ ಸಾಲು ಅಲ್ಲಿನ ಸ್ಪರ್ಧೆಗಳ ನಿಯಮದಲ್ಲಿ ಇವತ್ತಿಗೂ ಕಾಣುತ್ತದೆ. ನಮ್ಮ ಕರಾವಳಿಯ ಹುಲಿವೇಷದವರಿಗೆ ಬಣ್ಣ ಹಚ್ಚಿ, ಒಣಗಿಸಿ, ಆಮೇಲೇ ಬೀದಿಗೆ ಬಿಡುವುದು ನೋಡಿದ್ದೀರಲ್ಲ? ಆ ಕಾಯುವಿಕೆ ನಿಮಗೂ ಬೇಕು. ಮುಟ್ಟಿದರೆ ಕೈಗೆ ಬರುವ ಬಣ್ಣ ಹಚ್ಚಿಕೊಂಡು ಜನಜಂಗುಳಿಗೆ ಹೋಗಬೇಡಿ. ಚರ್ಮಕ್ಕೆ ಆಗುತ್ತದಾ ಅಂತ ಒಂದು ದಿನ ಮೊದಲೇ ಮೊಣಕೈ ಒಳಗೆ ಹಚ್ಚಿ ನೋಡಿ.

ಎರಡು ವಾರ ಮುಂಚೆ ಪೂರ್ತಿ ವೇಷ ಹಾಕಿಕೊಂಡು ಮೂರು ಗಂಟೆ ಮನೆಯಲ್ಲಿರಿ. ಮೆಟ್ಟಿಲು ಹತ್ತಿ ಇಳಿಯಿರಿ, ಕೂರಿ, ನೀರು ಕುಡಿಯಿರಿ, ಬಾಳೆಹಣ್ಣು ತಿನ್ನಿ. ಬಾತ್‌ರೂಮಿಗೆ ಹೋಗಿ ಬನ್ನಿ. ನಗಬೇಡಿ, ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಬಾತ್‌ರೂಮಿಗೆ ಹೋಗಲು ಕಷ್ಟ ಅಂತ ಇಡೀ ದಿನ ನೀರೇ ಕುಡಿಯದೆ ಇದ್ದು, ಸಂಜೆ ವೇದಿಕೆಯ ಹಿಂದೆ ತಲೆ ಸುತ್ತಿ ಬಿದ್ದ ಹುಡುಗಿಯರನ್ನು ನಾನೇ ಎತ್ತಿ ಕೂರಿಸಿದ್ದೇನೆ. ಎದೆಗವಚ ಪಕ್ಕದಲ್ಲಿ ಬಕಲ್ ಹಾಕಿ ಬಿಚ್ಚುವ ಹಾಗಿರಲಿ. ಕೋಟಿಗೆ ಟಿಚ್ ಬಟನ್ ಹಾಕಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫೋಟೋ ಕೇಳುವವರು ಬಹಳ ಜನ ಇರುತ್ತಾರೆ, ಬಹುತೇಕ ಒಳ್ಳೆಯವರೇ. ಹೆಗಲ ಮೇಲೆ ಕೈ ಹಾಕಲು ಬಂದರೆ ‘ಮುಟ್ಟಬೇಡಿ’ ಅಂತ ಜೋರಾಗಿ ಹೇಳಿ. ವೇಷ ಹಾಕಿದ್ದೇ ಒಪ್ಪಿಗೆ ಅಂತ ತಿಳಿಯಬೇಡಿ ಅನ್ನುವ ಫಲಕವನ್ನು ನ್ಯೂಯಾರ್ಕ್ ಕಾಮಿಕ್ ಕಾನ್‌ನವರು 2014ರಲ್ಲೇ ಬಾಗಿಲಲ್ಲಿ ನಿಲ್ಲಿಸಿದ್ದರು. ರಾಣಿ ವೇಷ ಬೇರೆ, ಗದರುವುದಕ್ಕೆ ಏನಡ್ಡಿ?

ನಗೆಪಾಟಲಾಗುತ್ತೇನಾ ಅಂತ ಕೇಳಿದ್ದೀರಿ. ಅಲ್ಲಿರುವವರೆಲ್ಲ ತಲೆಗೆ ಕೊಂಬು, ಬೆನ್ನಿಗೆ ಬಾಲ ಕಟ್ಟಿಕೊಂಡವರೇ. ಯಾರು ಯಾರನ್ನ ನೋಡಿ ನಗುವುದು?

ಕೊನೆಗೆ ಟಿಕೆಟ್ ವಿಷಯ. ಎರಡು ತೆಗೆಯಿರಿ. ಚೌಕಿಯಲ್ಲಿ ವೇಷ ಕಟ್ಟಲು ಒಬ್ಬರು ಇದ್ದೇ ಇರುತ್ತಾರೆ, ನಿಮಗೂ ಬೇಕು. ರೆಕ್ಕೆ ಸಿಕ್ಕಿಸಿದ ಮೇಲೆ ಬೆನ್ನಿನ ಪಟ್ಟಿ ನಿಮ್ಮ ಕೈಗೆ ಎಟುಕುವುದಿಲ್ಲ. ಜನರ ನಡುವೆ ಹಿಂದೆ ನೋಡಿಕೊಳ್ಳಲು, ನೀರಿನ ಬಾಟಲಿ ಹಿಡಿಯಲು, ಕಿತ್ತುಹೋದ ಹುಕ್ಕನ್ನು ನಿಂತಲ್ಲೇ ಹೊಲಿಯಲು ಒಬ್ಬರು ಬೇಕು. ಇಪ್ಪತ್ತು ವರ್ಷದ ಟೈಲರ್‌ಗಿಂತ ಒಳ್ಳೆಯವರು ಎಲ್ಲಿ ಸಿಗುತ್ತಾರೆ? ಸೂಜಿ, ಕೋಟಿನ ಬಣ್ಣದ ದಾರ, ಗುಂಡುಸೂಜಿ, ರಬ್ಬರ್ ಅಂಟಿನ ಸಣ್ಣ ಟ್ಯೂಬು, ಬೆಳ್ಳಿ ಬಣ್ಣದ ಪುಟ್ಟ ಬಾಟಲಿ ಅವರ ಚೀಲದಲ್ಲೇ ಇರಲಿ. ಕತ್ತರಿಯನ್ನು ಬಾಗಿಲಲ್ಲಿರುವವರು ಒಳಗೆ ಬಿಡದೆ ಇಸಿದುಕೊಳ್ಳಬಹುದು. ಪರವಾಗಿಲ್ಲ, ದಾರವನ್ನು ಹಲ್ಲಲ್ಲಿ ಕಡಿಯುವುದು ಅವರಿಗೆ ಹೊಸದೇನಲ್ಲ.